ಸಂಬಳವೇ ಇಲ್ಲದವರು ಕೆಲಸ ನಿಲ್ಲಿಸಿದ್ದೇಕೆ? ಅಪಲಾಚಿಯನ್ ಕಾಲುದಾರಿಯ ಸ್ವಯಂಸೇವಕರೂ ಅಮೆರಿಕದ ಖಜಾನೆಯೂ

2025ರ ಅಕ್ಟೋಬರ್ 1ರಂದು ಅಮೆರಿಕದ ಒಕ್ಕೂಟ ಸರ್ಕಾರದ ಖಜಾನೆಗೆ ಬೀಗ ಬಿತ್ತು. ಖರ್ಚಿನ ಮಂಜೂರಾತಿಯ ವಿಷಯದಲ್ಲಿ ಅಲ್ಲಿನ ಸಂಸತ್ತಿನಲ್ಲಿ ಒಮ್ಮತ ಮೂಡದೆ ಶುರುವಾದ ಈ ಸ್ಥಗಿತ ನವೆಂಬರ್ 12ರವರೆಗೆ, ಅಂದರೆ 43 ದಿನ ನಡೆದು, ಆ ದೇಶದ ಅಲ್ಲಿಯವರೆಗಿನ ಇತಿಹಾಸದಲ್ಲೇ ಅತಿ ದೀರ್ಘವಾದದ್ದು ಎನಿಸಿಕೊಂಡಿತು. ಲಕ್ಷಾಂತರ ನೌಕರರು ಸಂಬಳವಿಲ್ಲದೆ ಮನೆಯಲ್ಲಿ ಕುಳಿತ ಸುದ್ದಿ ಎಲ್ಲರಿಗೂ ಅರ್ಥವಾಗುವಂಥದ್ದು. ಅರ್ಥವಾಗದೆ ಉಳಿದದ್ದು ಅದರ ಜೊತೆಗಿದ್ದ ಒಂದು ಸಣ್ಣ ಸುದ್ದಿ: ಜಾರ್ಜಿಯಾದಿಂದ ಮೇಯ್ನ್‌ವರೆಗೆ 14 ರಾಜ್ಯಗಳಲ್ಲಿ ಸುಮಾರು 2,200 ಮೈಲಿ, ನಮ್ಮ ಲೆಕ್ಕದಲ್ಲಿ 3,500 ಕಿಲೋಮೀಟರಿಗೂ ಹೆಚ್ಚು ಉದ್ದ ಹಬ್ಬಿರುವ ಅಪಲಾಚಿಯನ್ ಟ್ರೇಲ್ ಎಂಬ ಕಾಲುದಾರಿಯನ್ನು ನೋಡಿಕೊಳ್ಳುವ ಸ್ವಯಂಸೇವಕರೂ ಒಕ್ಕೂಟ ಸರ್ಕಾರಕ್ಕೆ ಸೇರಿದ ಜಾಗದಲ್ಲಿ ಗುದ್ದಲಿ ಮುಟ್ಟುವಂತಿರಲಿಲ್ಲ. ಅದೇ ದಾರಿಯಲ್ಲಿ ಚಾರಣಿಗರು ನಡೆಯಲು ಮಾತ್ರ ಅಡ್ಡಿಯಿರಲಿಲ್ಲ.

ಸರ್ಕಾರದಿಂದ ಒಂದು ಡಾಲರ್ ಸಂಬಳ ಪಡೆಯದವರನ್ನು ಖಜಾನೆ ಖಾಲಿಯಾಯಿತೆಂಬ ಕಾರಣಕ್ಕೆ ತಡೆಯುವುದು ಮೇಲ್ನೋಟಕ್ಕೆ ಅಸಂಬದ್ಧ. ವಾಷಿಂಗ್ಟನ್ ಸುತ್ತಲೂ ಉತ್ತರ ವರ್ಜೀನಿಯಾದಲ್ಲೂ ನೆಲೆಸಿ, ಅಕ್ಟೋಬರಿನಲ್ಲಿ ಎಲೆಗಳು ಬಣ್ಣ ತಿರುಗುವ ಹೊತ್ತಿಗೆ ಶೆನಾಂಡೋವಾ ಬೆಟ್ಟಗಳಿಗೆ ಹೋಗಿಬರುವ ಕನ್ನಡಿಗರಿಗೂ ಈ ಪ್ರಶ್ನೆ ಎದುರಾಗಿದ್ದರೆ ಆಶ್ಚರ್ಯವಿಲ್ಲ. ಇದಕ್ಕೆ ಅಧಿಕಾರಿಗಳ ಹಟಮಾರಿತನವೇ ಕಾರಣ ಎಂದುಬಿಡುವುದು ಸುಲಭ, ಆದರೆ ಸರಿಯಲ್ಲ. ಕಾರಣ ಸುಮಾರು ನೂರು ವರ್ಷಗಳ ಹಿಂದಕ್ಕೆ, ಈ ದಾರಿಯನ್ನು ಕಡಿದ ಕ್ಲಬ್ಬುಗಳ ಆರಂಭದ ದಿನಗಳಿಗೆ ಹೋಗುತ್ತದೆ.

ದಾರಿ ಮೊದಲು, ಸರ್ಕಾರ ಆಮೇಲೆ

ಅಪಲಾಚಿಯನ್ ಟ್ರೇಲ್ ಇಂದು ರಾಷ್ಟ್ರೀಯ ಉದ್ಯಾನ ಸೇವೆಯ ಆಡಳಿತಕ್ಕೆ ಸೇರಿದೆ. ಹಾಗಾಗಿ ಇದನ್ನು ಸರ್ಕಾರವೇ ಹೆದ್ದಾರಿಯಂತೆ ಯೋಜಿಸಿ ಕಟ್ಟಿತು, ಆಮೇಲೆ ನಾಗರಿಕರು ನೆರವಿಗೆ ಬಂದರು ಎಂಬ ಭಾವನೆ ಸಹಜವಾಗಿಯೇ ಬರುತ್ತದೆ. ನಡೆದದ್ದು ಇದರ ತಿರುವುಮುರುವು.

ಅಮೆರಿಕದ ಈಶಾನ್ಯ ಭಾಗದಲ್ಲಿ ಬೆಟ್ಟ ಹತ್ತುವವರ ಸಂಘಗಳು ಹತ್ತೊಂಬತ್ತನೆಯ ಶತಮಾನದಲ್ಲೇ ಇದ್ದವು. ಬಾಸ್ಟನ್ನಿನ ಅಪಲಾಚಿಯನ್ ಮೌಂಟನ್ ಕ್ಲಬ್ 1876ರದ್ದು. 1910ರಲ್ಲಿ ವರ್ಮಾಂಟಿನಲ್ಲಿ ಜೇಮ್ಸ್ ಟೇಲರ್ ಎಂಬ ಶಿಕ್ಷಕರ ಉತ್ಸಾಹದಿಂದ ಗ್ರೀನ್ ಮೌಂಟನ್ ಕ್ಲಬ್ ಹುಟ್ಟಿ, ಆ ರಾಜ್ಯದ ಉದ್ದಕ್ಕೂ ಲಾಂಗ್ ಟ್ರೇಲ್ ಎಂಬ ದಾರಿಯನ್ನು ಕಡಿಯಲು ಆರಂಭಿಸಿತು. ನ್ಯೂಯಾರ್ಕ್ ಆಸುಪಾಸಿನ ಚಾರಣ ಸಂಘಗಳು 1920ರಲ್ಲಿ ಒಂದು ಒಕ್ಕೂಟ ಕಟ್ಟಿಕೊಂಡವು. ಹೀಗೆ ತುಂಡು ತುಂಡಾಗಿದ್ದ ಆಸಕ್ತಿಗೆ ಒಂದು ದೊಡ್ಡ ಆಕಾರ ಕೊಟ್ಟವರು ಬೆಂಟನ್ ಮೆಕಾಯ್. ಅರಣ್ಯ ಸೇವೆಯಲ್ಲಿ ಕೆಲಸ ಮಾಡಿದ್ದ ಈ ಅರಣ್ಯಶಾಸ್ತ್ರಜ್ಞ 1921ರ ಅಕ್ಟೋಬರಿನಲ್ಲಿ ವಾಸ್ತುಶಿಲ್ಪಿಗಳ ಪತ್ರಿಕೆಯೊಂದರಲ್ಲಿ ಲೇಖನ ಬರೆದು, ಅಪಲಾಚಿಯನ್ ಪರ್ವತಶ್ರೇಣಿಯ ನೆತ್ತಿಯ ಮೇಲೆ ಅಖಂಡವಾದ ಕಾಲುದಾರಿಯೊಂದನ್ನು ಸೂಚಿಸಿದರು. ಅವರ ಮನಸ್ಸಿನಲ್ಲಿದ್ದದ್ದು ಬರಿಯ ದಾರಿಯಲ್ಲ. ದಾರಿಯ ಬದಿಯಲ್ಲಿ ತಂಗುದಾಣಗಳು, ಸಮುದಾಯ ಶಿಬಿರಗಳು, ಹೊಲಗಳು ಇರಬೇಕು, ಕಾರ್ಖಾನೆಯ ನಗರಗಳಲ್ಲಿ ಬಳಲಿದವರಿಗೆ ಅಲ್ಲಿ ಬೇರೊಂದು ಬದುಕಿನ ರುಚಿ ಸಿಗಬೇಕು ಎಂಬುದು ಅವರ ಆಸೆ. ಆ ಶಿಬಿರಗಳೂ ಹೊಲಗಳೂ ಕಾಗದದ ಮೇಲೆಯೇ ಉಳಿದವು. ನೆಲಕ್ಕೆ ಇಳಿದದ್ದು ದಾರಿ ಮಾತ್ರ.

1923ರ ಅಕ್ಟೋಬರ್ 7ರಂದು ನ್ಯೂಯಾರ್ಕ್ ರಾಜ್ಯದ ಬೇರ್ ಮೌಂಟನ್ ಬಳಿ ಮೊದಲ ತುಂಡು ತೆರೆಯಿತು. 1925ರ ಮಾರ್ಚಿನಲ್ಲಿ ವಾಷಿಂಗ್ಟನ್ನಿನಲ್ಲಿ ಸಭೆ ಸೇರಿ ಅಪಲಾಚಿಯನ್ ಟ್ರೇಲ್ ಕಾನ್ಫರೆನ್ಸ್ ಎಂಬ ಸಂಸ್ಥೆಯನ್ನು ಕಟ್ಟಲಾಯಿತು. ಇಂದಿನ ಅಪಲಾಚಿಯನ್ ಟ್ರೇಲ್ ಕನ್ಸರ್ವೆನ್ಸಿ ಎಂಬ ಸಂಸ್ಥೆ ಇದರದ್ದೇ ಮುಂದುವರಿಕೆ. ಸಭೆಯೇನೋ ಚೆನ್ನಾಗಿ ನಡೆಯಿತು. ಆದರೆ ಆಮೇಲೆ ಒಂದೆರಡು ವರ್ಷ ಹೇಳಿಕೊಳ್ಳುವಂಥದ್ದೇನೂ ಆಗಲಿಲ್ಲ. ಈಶಾನ್ಯದ ನ್ಯೂ ಇಂಗ್ಲೆಂಡ್ ಪ್ರದೇಶದಲ್ಲಿಯೂ ನ್ಯೂಯಾರ್ಕಿನ ಹತ್ತಿರವೂ ಸಂಘಗಳಿದ್ದವು, ದಾರಿಗಳಿದ್ದವು. ಅಲ್ಲಿಂದ ದಕ್ಷಿಣಕ್ಕೆ ನೂರಾರು ಮೈಲಿ ದಾರಿಯೂ ಇಲ್ಲ, ದಾರಿ ಕಡಿಯುವವರೂ ಇಲ್ಲ. ಕನೆಕ್ಟಿಕಟ್ಟಿನ ನಿವೃತ್ತ ನ್ಯಾಯಾಧೀಶ ಆರ್ಥರ್ ಪರ್ಕಿನ್ಸ್ ಈ ನಿಂತ ನೀರನ್ನು ಕಲಕಿದರು. ಅವರ ಉತ್ಸಾಹ ಅಂಟಿಕೊಂಡದ್ದು ಹಿಂದೆ ಅವರ ಕಚೇರಿಯಲ್ಲಿದ್ದ, ಮೇಯ್ನ್ ಮೂಲದ ಯುವ ವಕೀಲ ಮೈರನ್ ಏವರಿಗೆ.

ಹಗಲು ಸರ್ಕಾರಿ ನೌಕರಿ, ವಾರಾಂತ್ಯದಲ್ಲಿ ಗರಗಸ

1927ರ ನವೆಂಬರಿನಲ್ಲಿ ಏವರಿ ಮತ್ತು ಬೆರಳೆಣಿಕೆಯ ಗೆಳೆಯರು ವಾಷಿಂಗ್ಟನ್ನಿನಲ್ಲಿ ಪೊಟೋಮ್ಯಾಕ್ ಅಪಲಾಚಿಯನ್ ಟ್ರೇಲ್ ಕ್ಲಬ್ ಸ್ಥಾಪಿಸಿದರು. ಇಂದಿನ ಗೊಂದಲವನ್ನು ಬಿಡಿಸಲು ಈ ಒಂದು ಕ್ಲಬ್ಬಿನ ಮೊದಲ ಹತ್ತು ವರ್ಷಗಳನ್ನು ನೋಡಿದರೆ ಬಹುಮಟ್ಟಿಗೆ ಸಾಕು.

ಸ್ಥಾಪಕರು ಯಾರು ಎಂಬುದೇ ಸ್ವಾರಸ್ಯಕರ. ಏವರಿ ಒಕ್ಕೂಟ ಸರ್ಕಾರದಲ್ಲಿ ಹಡಗು ಸಾರಿಗೆಗೆ ಸಂಬಂಧಿಸಿದ ಕಾನೂನು ನೋಡಿಕೊಳ್ಳುತ್ತಿದ್ದ ವಕೀಲ. ಪಿ. ಎಲ್. ರಿಕರ್ ಕೃಷಿ ಇಲಾಖೆಯ ಸಸ್ಯಶಾಸ್ತ್ರಜ್ಞ. ದಾರಿ ಕಡಿಯುವ ಕೆಲಸದ ಮೇಲ್ವಿಚಾರಣೆ ಹೊತ್ತ ಫ್ರ್ಯಾಂಕ್ ಶೇರರ್ ವಾಷಿಂಗ್ಟನ್ನಿನ ಕಾರ್ನೆಗಿ ಸಂಸ್ಥೆಯ ಪ್ರಯೋಗಾಲಯದಲ್ಲಿ ಶಿಲೆಗಳ ರಸಾಯನಶಾಸ್ತ್ರ ಅಭ್ಯಾಸ ಮಾಡುತ್ತಿದ್ದವರು. ಖನಿಜವೊಂದಕ್ಕೆ ಅವರ ಹೆಸರೇ ಇದೆ. ಅಂದರೆ ಈ ಗುಂಪಿನಲ್ಲಿ ಸರ್ಕಾರವನ್ನು ಹೊರಗಿನಿಂದ ನೋಡುವವರಿಗಿಂತ ಅದರ ಕಡತಗಳ ನಡುವೆ ಬದುಕುವವರಿಗೇ ತೂಕ ಹೆಚ್ಚು. ಆದರೂ ಶನಿವಾರ ಭಾನುವಾರ ಕತ್ತಿ, ಗರಗಸ, ಕೊಂಬೆ ಕತ್ತರಿಸುವ ಕತ್ತರಿಗಳನ್ನು ಹಿಡಿದು ಬ್ಲೂ ರಿಡ್ಜ್ ಬೆಟ್ಟ ಹತ್ತುವಾಗ ಅವರು ಯಾವ ಇಲಾಖೆಯ ಪರವಾಗಿಯೂ ಹತ್ತುತ್ತಿರಲಿಲ್ಲ. ಕೆಲಸಕ್ಕೆ ಆದೇಶ ಬೇಕಿರಲಿಲ್ಲ, ಬಿದ್ದು ಕಾಲು ಮುರಿದರೆ ಅದಕ್ಕೆ ಯಾರನ್ನೂ ಹೊಣೆ ಮಾಡುವಂತಿರಲಿಲ್ಲ.

ಕೆಲಸದ ಕ್ರಮ ಸರಳವಾಗಿತ್ತು. ಮೊದಲು ಒಂದಿಬ್ಬರು ಬೆಟ್ಟದ ಏಣಿನ ಮೇಲೆ ನಡೆದು, ಹಳೆಯ ಗಾಡಿದಾರಿ, ದನದ ಜಾಡು, ಬೆಂಕಿ ಕಾಯುವವರ ಕಾಲುದಾರಿಗಳಲ್ಲಿ ಯಾವುದನ್ನು ಬಳಸಬಹುದೆಂದು ಗುರುತಿಸುವುದು. ಹಿಂದೆ ಬಂದವರು ಪೊದೆ ಸವರುವುದು. ಕೊನೆಯವರು ಗುರುತು ಹಾಕುವುದು. ಏವರಿ ಸೈಕಲ್ ಚಕ್ರದಂಥ ಅಳತೆಗಾಲಿಯೊಂದನ್ನು ಉರುಳಿಸಿಕೊಂಡು ಪ್ರತಿ ತಿರುವಿನ ದೂರವನ್ನು ಬರೆದುಕೊಳ್ಳುತ್ತಿದ್ದರು. ಅವರ ಹಳೆಯ ಫೋಟೋಗಳಲ್ಲಿ ಆ ಗಾಲಿ ಮತ್ತೆ ಮತ್ತೆ ಕಾಣುತ್ತದೆ. ಈ ಅಳತೆಗಳಿಂದಲೇ ಮಾರ್ಗದರ್ಶಿ ಪುಸ್ತಕಗಳು ತಯಾರಾದವು. ಎರಡು ಅಂಗುಲ ಅಗಲ, ಆರು ಅಂಗುಲ ಎತ್ತರದ ಬಿಳಿ ಬಣ್ಣದ ಪಟ್ಟಿ ಇಡೀ ದಾರಿಯ ಗುರುತಾಗಿ ಇಂದಿಗೂ ಮರಗಳ ಮೇಲಿದೆ.

ಕಡಿದ ದಾರಿ ಒಂದೆರಡು ಮಳೆಗಾಲಕ್ಕೆ ಮತ್ತೆ ಮುಚ್ಚಿಹೋಗುತ್ತದೆ ಎಂಬುದನ್ನು ಕ್ಲಬ್ಬು ಬೇಗನೆ ಕಲಿತುಕೊಂಡಿತು. ಆದ್ದರಿಂದ ದಾರಿಯನ್ನು ತುಂಡುಗಳಾಗಿ ಹಂಚಿ, ಒಂದೊಂದು ತುಂಡಿಗೆ ಒಬ್ಬೊಬ್ಬ ಸದಸ್ಯರನ್ನು ಹೊಣೆ ಮಾಡುವ ಪದ್ಧತಿ ಬಂತು. ನೂರು ವರ್ಷಗಳಾದರೂ ಬದಲಾಗದ ವ್ಯವಸ್ಥೆ ಇದು. ಇಂದು ಪೆನ್ಸಿಲ್ವೇನಿಯಾದ ಪೈನ್ ಗ್ರೋವ್ ಫರ್ನೆಸ್‌ನಿಂದ ವರ್ಜೀನಿಯಾದ ರಾಕ್‌ಫಿಶ್ ಗ್ಯಾಪ್‌ವರೆಗೆ ಸುಮಾರು 240 ಮೈಲಿಯನ್ನು ಈ ಕ್ಲಬ್ಬು ಹೀಗೆಯೇ ನೋಡಿಕೊಳ್ಳುತ್ತದೆ. ಏವರಿ ಇನ್ನೊಂದು ಕೆಲಸವನ್ನೂ ಮಾಡಿದರು: ಕ್ಲಬ್ಬಿಲ್ಲದ ಕಡೆ ಕ್ಲಬ್ಬು ಹುಟ್ಟಿಸಲು ದಕ್ಷಿಣದ ಊರುಗಳಿಗೆ ಪತ್ರದ ಮೇಲೆ ಪತ್ರ ಬರೆದರು, ಹೋಗಿ ನಿಂತು ಜನ ಸೇರಿಸಿದರು. 1931ರಲ್ಲಿ ಅವರು ಕಾನ್ಫರೆನ್ಸಿನ ಅಧ್ಯಕ್ಷರಾದರು. 1952ರಲ್ಲಿ ತೀರಿಕೊಳ್ಳುವ ವರ್ಷದವರೆಗೂ ಆ ಸ್ಥಾನದಲ್ಲಿದ್ದರು. ಇಡೀ ದಾರಿಯನ್ನು, ತುಂಡು ತುಂಡಾಗಿಯಾದರೂ, ಮೊದಲು ನಡೆದು ಮುಗಿಸಿದವರೂ ಅವರೇ, 1936ರಲ್ಲಿ. ಅವರ ಜೊತೆ ಕೆಲಸ ಮಾಡುವುದು ಸುಲಭವಾಗಿರಲಿಲ್ಲ ಎಂಬ ಮಾತನ್ನೂ ಅವರ ಸಮಕಾಲೀನರು ದಾಖಲಿಸಿದ್ದಾರೆ.

ಈ ಚಿತ್ರದಲ್ಲಿ ಒಂದು ದೌರ್ಬಲ್ಯ ಅಡಗಿತ್ತು. ದಾರಿ ಕ್ಲಬ್ಬಿನದ್ದು, ನೆಲ ಮಾತ್ರ ಬೇರೆಯವರದ್ದು. ಬೆಟ್ಟದ ರೈತರು, ಮರದ ವ್ಯಾಪಾರಿಗಳು, ಹೋಟೆಲ್ ಮಾಲೀಕರು ಬಾಯಿಮಾತಿನಲ್ಲಿ ಕೊಟ್ಟ ಒಪ್ಪಿಗೆಯೇ ನೂರಾರು ಮೈಲಿ ದಾರಿಗೆ ಆಧಾರ. ನೆಲದ ಮಾಲೀಕ ಬದಲಾದರೆ, ಅಥವಾ ಅವನ ಮನಸ್ಸು ಬದಲಾದರೆ, ದಾರಿ ಅಲ್ಲಿಗೆ ಮುಗಿಯಿತು.

ನೆತ್ತಿಗೇ ಬಂದ ಡಾಂಬರು

ಈ ದೌರ್ಬಲ್ಯ ಬಯಲಿಗೆ ಬರಲು ಬಹಳ ಕಾಲ ಹಿಡಿಯಲಿಲ್ಲ. ಮೊದಲು ಬಂದದ್ದು ಖಾಸಗಿ ಮಾಲೀಕನಲ್ಲ, ಸರ್ಕಾರವೇ. ಶೆನಾಂಡೋವಾದಲ್ಲಿ ರಾಷ್ಟ್ರೀಯ ಉದ್ಯಾನ ಮಾಡಲು ವರ್ಜೀನಿಯಾ ರಾಜ್ಯ 1928ರಲ್ಲಿ ಕಾನೂನು ಮಾಡಿ ಬೆಟ್ಟದ ಜನರ ಜಮೀನನ್ನು ಸಾಮೂಹಿಕವಾಗಿ ಸ್ವಾಧೀನಕ್ಕೆ ತೆಗೆದುಕೊಂಡಿತು. ನೂರಾರು ಕುಟುಂಬಗಳು ಮನೆ ಬಿಟ್ಟವು. ನಿಕೋಲ್ಸನ್ ಹಾಲೋ ಎಂಬ ಕಣಿವೆಯಲ್ಲಿ ಜಾರ್ಜ್ ಕಾರ್ಬಿನ್ ಎಂಬಾತ 1910ರಲ್ಲಿ ಕಟ್ಟಿದ ಮರದ ದಿಮ್ಮಿಯ ಮನೆ ಇಂದು ಪೊಟೋಮ್ಯಾಕ್ ಕ್ಲಬ್ಬಿನ ಸುಪರ್ದಿಯಲ್ಲಿ ಚಾರಣಿಗರ ಬಾಡಿಗೆಯ ತಂಗುದಾಣ. ಚಾರಣದ ಇತಿಹಾಸ ಹೇಳುವವರು ಈ ಮನೆಯ ಬಾಗಿಲಲ್ಲಿ ಸ್ವಲ್ಪ ಹೊತ್ತು ನಿಲ್ಲಬೇಕು, ಬಹಳ ಮಂದಿ ನಿಲ್ಲುವುದಿಲ್ಲ.

1931ರಲ್ಲಿ ಅದೇ ಬೆಟ್ಟಸಾಲಿನ ನೆತ್ತಿಯ ಮೇಲೆ ಸ್ಕೈಲೈನ್ ಡ್ರೈವ್ ಎಂಬ ಮೋಟಾರು ರಸ್ತೆಯ ಕೆಲಸ ಆರಂಭವಾಯಿತು. ರಸ್ತೆ ಹಾದುಹೋಗಬೇಕಿದ್ದ ಜಾಗದಲ್ಲೇ ಕ್ಲಬ್ಬಿನವರು ವಾರಾಂತ್ಯಗಳನ್ನು ಸವೆಸಿ ಕಡಿದ ದಾರಿಯಿತ್ತು. ಏನು ಮಾಡಬೇಕು? ಇಲ್ಲಿ ಇಬ್ಬರು ಪ್ರಮುಖರ ದಾರಿ ಬೇರೆಯಾಯಿತು.

ಮೆಕಾಯ್ ದೃಷ್ಟಿಯಲ್ಲಿ ಕಾಡಿನ ನಿಶ್ಶಬ್ದವಿಲ್ಲದ ಕಾಲುದಾರಿಗೆ ಅರ್ಥವಿಲ್ಲ. ಬೆಟ್ಟದ ನೆತ್ತಿಗೆ ಕಾರು ಬಂದ ಮೇಲೆ ದಾರಿಯ ಉದ್ದೇಶವೇ ಸತ್ತಂತೆ, ಆದ್ದರಿಂದ ರಸ್ತೆಯನ್ನು ವಿರೋಧಿಸಲೇಬೇಕು ಎಂಬುದು ಅವರ ನಿಲುವು. ಏವರಿಯ ಲೆಕ್ಕ ಬೇರೆ. ರಸ್ತೆಯನ್ನು ತಡೆಯುವ ಶಕ್ತಿ ಕ್ಲಬ್ಬಿಗಿಲ್ಲ. ಜಗಳವಾಡಿ ಸೋತರೆ ದಾರಿಯೂ ಹೋಗುತ್ತದೆ, ಉದ್ಯಾನ ಸೇವೆಯ ಸ್ನೇಹವೂ ಹೋಗುತ್ತದೆ. ಅದಕ್ಕಿಂತ ರಸ್ತೆಯನ್ನು ಒಪ್ಪಿ, ಅದರ ಪಕ್ಕದಲ್ಲಿ ಸರ್ಕಾರದ ಖರ್ಚಿನಲ್ಲೇ ಹೊಸ ದಾರಿಯನ್ನು ಪಡೆಯುವುದು ಮೇಲು. ಆದದ್ದೂ ಹಾಗೆಯೇ. ಮಹಾ ಆರ್ಥಿಕ ಕುಸಿತದ ಕಾಲದಲ್ಲಿ ನಿರುದ್ಯೋಗಿ ಯುವಕರಿಗೆ ಕೆಲಸ ಕೊಡಲು 1933ರಲ್ಲಿ ಹುಟ್ಟಿದ ಸಿವಿಲಿಯನ್ ಕನ್ಸರ್ವೇಶನ್ ಕೋರ್‌ನ ಹುಡುಗರು ಶೆನಾಂಡೋವಾದಲ್ಲಿ ದಾರಿಯನ್ನು ಹೊಸದಾಗಿ, ಕ್ಲಬ್ಬಿನವರು ಕಡಿದದ್ದಕ್ಕಿಂತ ಹದವಾದ ಏರಿಳಿತದಲ್ಲಿ ಕಟ್ಟಿಕೊಟ್ಟರು.

ಈ ಜಗಳ ಕ್ಲಬ್ಬಿನ ಒಳಗೂ ಬಿರುಕು ಮೂಡಿಸಿತು. ಅದರದ್ದೇ ಸದಸ್ಯ ಹ್ಯಾರಲ್ಡ್ ಆ್ಯಂಡರ್ಸನ್ ಮೆಕಾಯ್ ಪಕ್ಷಕ್ಕೆ ವಾಲಿದರು. ಅವರಿಬ್ಬರೂ ರಾಬರ್ಟ್ ಮಾರ್ಷಲ್, ಆಲ್ಡೊ ಲಿಯೊಪೋಲ್ಡ್ ಮೊದಲಾದವರೊಂದಿಗೆ ಸೇರಿ 1935ರಲ್ಲಿ ವೈಲ್ಡರ್ನೆಸ್ ಸೊಸೈಟಿಯನ್ನು ಕಟ್ಟಿದರು. ಅಮೆರಿಕದ ಅರಣ್ಯ ಸಂರಕ್ಷಣೆಯ ಚಳವಳಿಯ ಒಂದು ದೊಡ್ಡ ಸಂಸ್ಥೆ ಹೀಗೆ ಚಾರಣ ಕ್ಲಬ್ಬೊಂದರ ಮನಸ್ತಾಪದಿಂದಲೂ ಸ್ವಲ್ಪ ಪಾಲು ಪಡೆದುಕೊಂಡೇ ಹುಟ್ಟಿತು. ಮೆಕಾಯ್ ಮತ್ತು ಏವರಿ ನಡುವಿನ ಪತ್ರವ್ಯವಹಾರ ಆ ಹೊತ್ತಿಗೆ ಮುರಿದುಬಿದ್ದಿತ್ತು.

ಯಾರು ಸರಿ? ಇಬ್ಬರನ್ನೂ ಸರಿಯೆನ್ನುವ ಅನುಕೂಲದ ಉತ್ತರವೊಂದಿದೆ. ಆದರೆ ದಾರಿ ಉಳಿದದ್ದು ಏವರಿಯ ಲೆಕ್ಕದಿಂದ ಎಂಬುದನ್ನು ಒಪ್ಪಿಕೊಳ್ಳಬೇಕು. ಅದರ ಜೊತೆಗೇ ಇನ್ನೊಂದನ್ನೂ ಒಪ್ಪಬೇಕು: ಸರ್ಕಾರದ ನೆಲದಲ್ಲಿ, ಸರ್ಕಾರದ ಕೂಲಿಯಿಂದ ಕಟ್ಟಿದ ದಾರಿಯನ್ನು ನೋಡಿಕೊಳ್ಳುವ ಕ್ಲಬ್ಬು ತನ್ನ ಇಷ್ಟದಂತೆ ಕೆಲಸ ಮಾಡುವ ಕ್ಲಬ್ಬಾಗಿ ಉಳಿಯುವುದಿಲ್ಲ. ಬೆಲೆ ಅಂದೇ ನಿಗದಿಯಾಯಿತು. ಅದನ್ನು ಪೂರ್ತಿ ತೆರಬೇಕಾಗಿ ಬಂದದ್ದು ಬಹಳ ತಡವಾಗಿ.

ಬಾಯಿಮಾತು ಸಾಲದಾದಾಗ

1937ರ ಆಗಸ್ಟ್ 14ರಂದು ಮೇಯ್ನ್ ರಾಜ್ಯದ ಸ್ಪಾಲ್ಡಿಂಗ್ ಮತ್ತು ಶುಗರ್‌ಲೋಫ್ ಬೆಟ್ಟಗಳ ನಡುವೆ ದಾರಿಯ ಕೊನೆಯ ಕೊಂಡಿ ಕೂಡಿಕೊಂಡಿತು. ದಾರಿ ಪೂರ್ಣವಾಗಿದ್ದ ಸ್ಥಿತಿ ಹೆಚ್ಚು ಕಾಲ ಬಾಳಲಿಲ್ಲ. 1938ರ ಚಂಡಮಾರುತ ನ್ಯೂ ಇಂಗ್ಲೆಂಡಿನ ಕಾಡನ್ನು ಉರುಳಿಸಿತು. ದಕ್ಷಿಣದಲ್ಲಿ ಬ್ಲೂ ರಿಡ್ಜ್ ಪಾರ್ಕ್‌ವೇ ಎಂಬ ಇನ್ನೊಂದು ರಸ್ತೆ ದಾರಿಯನ್ನು ನುಂಗಿತು. ಯುದ್ಧ ಬಂದು ಸ್ವಯಂಸೇವಕರನ್ನೇ ಕರೆದೊಯ್ದಿತು. ಮತ್ತೆ ಆ ತುದಿಯಿಂದ ಈ ತುದಿಗೆ ಕೂಡಿಕೊಳ್ಳಲು 1951ರವರೆಗೆ ಕಾಯಬೇಕಾಯಿತು.

ಇದರಿಂದ ಕ್ಲಬ್ಬುಗಳು ಕಂಡುಕೊಂಡ ಸತ್ಯ ಒಂದೇ: ಬಿದ್ದ ಮರವನ್ನು ತೆಗೆಯಬಹುದು, ಮಾರಿದ ಜಮೀನನ್ನು ವಾಪಸು ತರಲಾಗದು. ಹಾಗಾಗಿ ರಕ್ಷಣೆಯನ್ನು ಕೇಳಿ ಸರ್ಕಾರದ ಬಾಗಿಲಿಗೆ ಹೋದವರು ಕ್ಲಬ್ಬಿನವರೇ. 1938ರ ಅಕ್ಟೋಬರಿನಲ್ಲಿ ಉದ್ಯಾನ ಸೇವೆಯೂ ಅರಣ್ಯ ಸೇವೆಯೂ ತಮ್ಮ ಜಮೀನಿನಲ್ಲಿ ದಾರಿಯ ಎರಡೂ ಬದಿಗೆ ಒಂದೊಂದು ಮೈಲಿ ಅಗಲದೊಳಗೆ ಸಮಾನಾಂತರ ರಸ್ತೆ ಮಾಡುವುದಿಲ್ಲವೆಂದು ಒಪ್ಪಂದ ಬರೆದುಕೊಟ್ಟವು. ಖಾಸಗಿ ಜಮೀನಿಗೆ ಅದು ಅನ್ವಯಿಸಲಿಲ್ಲ. 1945ರಲ್ಲಿ ಪೆನ್ಸಿಲ್ವೇನಿಯಾದ ಸಂಸದ ಡೇನಿಯಲ್ ಹೋಕ್, ಸ್ವತಃ ಚಾರಣ ಕ್ಲಬ್ಬಿನವರು, ಇಂಥ ದಾರಿಗಳಿಗೆ ರಾಷ್ಟ್ರೀಯ ಮಾನ್ಯತೆ ಕೊಡುವ ಮಸೂದೆ ತಂದರು, ಅದು ಅಂಗೀಕಾರವಾಗಲಿಲ್ಲ. ಯುದ್ಧಾನಂತರ ಹೆದ್ದಾರಿಗಳೂ ಬಡಾವಣೆಗಳೂ ಬೆಟ್ಟದ ಮೇಲಿನ ರಜೆಯ ಮನೆಗಳೂ ಹೆಚ್ಚಿದಂತೆ ದಾರಿಯನ್ನು ಪದೇ ಪದೇ ಬದಲಿಸಬೇಕಾಗಿ ಬಂತು, ಎಷ್ಟೋ ಕಡೆ ಅದು ಟಾರು ರಸ್ತೆಯ ಅಂಚಿಗೆ ಬಂದು ನಿಂತಿತು.

ಕೊನೆಗೆ 1968ರ ಅಕ್ಟೋಬರ್ 2ರಂದು ಅಧ್ಯಕ್ಷ ಲಿಂಡನ್ ಜಾನ್ಸನ್ ರಾಷ್ಟ್ರೀಯ ಕಾಲುದಾರಿ ವ್ಯವಸ್ಥೆಯ ಕಾಯಿದೆಗೆ ಸಹಿ ಹಾಕಿದಾಗ ಅಪಲಾಚಿಯನ್ ಟ್ರೇಲ್ ಮೊದಲ ಎರಡು ರಾಷ್ಟ್ರೀಯ ದಾರಿಗಳಲ್ಲಿ ಒಂದಾಯಿತು. ಕಾಯಿದೆ ಬಂದರೂ ಜಮೀನು ಕೊಳ್ಳುವ ಕೆಲಸ ಆಮೆಗತಿಯಲ್ಲಿತ್ತು. 1978ರ ತಿದ್ದುಪಡಿ 9 ಕೋಟಿ ಡಾಲರ್ ಖರ್ಚಿಗೆ ಅಧಿಕಾರ ಕೊಟ್ಟು, ಪ್ರತಿ ಮೈಲಿಗೆ ಸ್ವಾಧೀನಪಡಿಸಿಕೊಳ್ಳಬಹುದಾದ ನೆಲದ ಮಿತಿಯನ್ನು 25 ಎಕರೆಯಿಂದ 125 ಎಕರೆಗೆ ಏರಿಸಿತು. ಪೆನ್ಸಿಲ್ವೇನಿಯಾದ ಕಂಬರ್‌ಲೆಂಡ್ ಕಣಿವೆಯಂಥ ಕಡೆಗಳಲ್ಲಿ ರೈತರು ಪ್ರತಿಭಟಿಸಿದರು. ಆದರೂ ಕೆಲಸ ಮುಂದುವರಿದು, ಇಂದು ದಾರಿಯ ಶೇಕಡ 99ಕ್ಕೂ ಹೆಚ್ಚು ಭಾಗ ಸಾರ್ವಜನಿಕ ನೆಲದಲ್ಲಿದೆ.

ಕ್ಲಬ್ಬಿನ ಸದಸ್ಯ ಸರ್ಕಾರದ ಮನುಷ್ಯನಾದದ್ದು

ನೆಲ ಸರ್ಕಾರದ್ದಾದ ಮೇಲೆ ಕೆಲಸ ಯಾರದ್ದು? 14 ರಾಜ್ಯಗಳ ಉದ್ದಕ್ಕೂ ನೌಕರರನ್ನು ನೇಮಿಸಿ ನಿರ್ವಹಿಸುವುದು ಉದ್ಯಾನ ಸೇವೆಗೆ ಬೇಡವಾಗಿತ್ತು. ಅರ್ಧ ಶತಮಾನದ ಹಕ್ಕನ್ನು ಬಿಟ್ಟುಕೊಡಲು ಕ್ಲಬ್ಬುಗಳಿಗೆ ಮನಸ್ಸಿರಲಿಲ್ಲ. 1984ರ ಜನವರಿಯಲ್ಲಿ ಉದ್ಯಾನ ಸೇವೆ ತಾನು ಕೊಂಡ ನೆಲದ ದಿನನಿತ್ಯದ ನಿರ್ವಹಣೆಯನ್ನು ಕಾನ್ಫರೆನ್ಸಿಗೆ ವಹಿಸಿಕೊಟ್ಟಿತು. ಅದು ಕ್ಲಬ್ಬುಗಳಿಗೆ ಹಂಚಿತು. ಪೊಲೀಸು ಕೆಲಸ, ಜಮೀನು ಖರೀದಿ ಮುಂತಾದವು ಸರ್ಕಾರದಲ್ಲೇ ಉಳಿದವು. ಒಂದು ರಾಷ್ಟ್ರೀಯ ಉದ್ಯಾನದ ನಿರ್ವಹಣೆಯನ್ನು ಖಾಸಗಿ ಸ್ವಯಂಸೇವಾ ಸಂಸ್ಥೆಗೆ ಈ ಪ್ರಮಾಣದಲ್ಲಿ ಒಪ್ಪಿಸಿದ ಉದಾಹರಣೆ ಅದಕ್ಕೆ ಮೊದಲು ಇರಲಿಲ್ಲ.

ಇದರ ಜೊತೆಗೆ ಹೆಚ್ಚು ಗಮನಕ್ಕೆ ಬಾರದ ಇನ್ನೊಂದು ಬದಲಾವಣೆಯೂ ಆಗಿತ್ತು. 1970ರ ಸುಮಾರಿಗೆ ಉದ್ಯಾನಗಳಿಗೂ 1972ರಲ್ಲಿ ರಾಷ್ಟ್ರೀಯ ಅರಣ್ಯಗಳಿಗೂ ಸ್ವಯಂಸೇವಕರ ಬಗ್ಗೆ ಪ್ರತ್ಯೇಕ ಕಾಯಿದೆಗಳು ಬಂದಿದ್ದವು. ಇವುಗಳ ಪ್ರಕಾರ ಇಲಾಖೆಯೊಂದಿಗೆ ಒಪ್ಪಂದವಾಗಿ ಕೆಲಸ ಮಾಡುವ ಸ್ವಯಂಸೇವಕ ಸಾಮಾನ್ಯವಾಗಿ ನೌಕರನಲ್ಲ. ಆದರೆ ಎರಡು ಸಂದರ್ಭಗಳಲ್ಲಿ ಅವನನ್ನು ನೌಕರನೆಂದೇ ಪರಿಗಣಿಸಬೇಕು. ಕೆಲಸದಲ್ಲಿ ಅವನಿಗೆ ಪೆಟ್ಟಾದರೆ ಸರ್ಕಾರಿ ನೌಕರನಿಗೆ ಸಿಗುವ ಪರಿಹಾರ ಅವನಿಗೂ ಸಿಗುತ್ತದೆ. ಅವನ ಕೆಲಸದಿಂದ ಬೇರೆಯವರಿಗೆ ಹಾನಿಯಾಗಿ ಮೊಕದ್ದಮೆ ಬಂದರೆ ಸರ್ಕಾರವೇ ಹೊಣೆ ಹೊರುತ್ತದೆ. ಮರ ಉರುಳಿಸುವ ಗರಗಸ ಹಿಡಿದವನಿಗೆ ಇದು ಸಣ್ಣ ಉಪಕಾರವಲ್ಲ. 1927ರ ಏವರಿಗೂ ಶೇರರಿಗೂ ಇಂಥ ಆಸರೆ ಇರಲಿಲ್ಲ.

43 ದಿನಗಳ ಸ್ಥಗಿತದಲ್ಲಿ ಅವನ ಕೈ ಕಟ್ಟಿಹಾಕಿದ್ದೂ ಇದೇ ಆಸರೆ.

1884ರ ಒಂದು ಅನುಮಾನ

ಸಂಸತ್ತು ಮಂಜೂರು ಮಾಡದ ಹಣಕ್ಕೆ ಸರ್ಕಾರದ ಯಾವ ಅಧಿಕಾರಿಯೂ ಬಾಧ್ಯತೆ ಸೃಷ್ಟಿಸಬಾರದು ಎಂಬ ಕಾಯಿದೆ ಅಮೆರಿಕದಲ್ಲಿದೆ. ಅದರೊಳಗೆ 1884ರಲ್ಲಿ ಸೇರಿದ ಒಂದು ನಿಯಮ, ಕಾನೂನು ಅನುಮತಿಸಿದ್ದನ್ನು ಮೀರಿ ಸ್ವಯಂಪ್ರೇರಿತ ಸೇವೆಯನ್ನು ಸ್ವೀಕರಿಸುವುದನ್ನೂ ನಿಷೇಧಿಸುತ್ತದೆ. ಜೀವ ಅಥವಾ ಆಸ್ತಿಗೆ ಅಪಾಯವಿರುವ ತುರ್ತು ಸಂದರ್ಭಗಳಿಗೆ ಮಾತ್ರ ವಿನಾಯಿತಿ. ಪುಕ್ಕಟೆ ಸೇವೆಯನ್ನು ಬೇಡವೆನ್ನುವ ಈ ನಿಯಮದ ಹಿಂದೆ ಅಂದಿನ ಅನುಭವವಿತ್ತು. ಆ ಕಾಲದ ಇಲಾಖೆಗಳು ವರ್ಷ ಮುಗಿಯುವ ಮೊದಲೇ ಹಣ ಖಾಲಿ ಮಾಡಿಕೊಂಡು, ನೌಕರರಿಂದ ಸ್ವಯಂಸೇವೆಯ ಹೆಸರಿನಲ್ಲಿ ದುಡಿಸಿಕೊಂಡು, ಆಮೇಲೆ ದುಡಿದವರ ಬಾಕಿ ಕೊಡದಿರುವುದು ಅನ್ಯಾಯವೆಂದು ಸಂಸತ್ತಿನ ಮುಂದೆ ಬಿಲ್ ಇಡುತ್ತಿದ್ದವು. ಖಜಾನೆಯ ಕೀಲಿ ತನ್ನ ಕೈತಪ್ಪುತ್ತಿದೆಯೆಂದು ಸಂಸತ್ತಿಗೆ ಅನಿಸಿದ್ದು ಸಹಜವೇ.

ಚಾರಣ ಕ್ಲಬ್ಬಿನವರು ನಾಳೆ ಬಿಲ್ ಕಳಿಸುವವರಲ್ಲ. ತಮಗೆ ಸಂಬಳ ಬೇಡವೆಂದು ಮೊದಲೇ ಬರೆದುಕೊಟ್ಟವರ ಸೇವೆಗೆ ಈ ನಿಷೇಧ ತಾನಾಗಿ ತಾಗುವುದಿಲ್ಲ ಎಂಬ ಅರ್ಥವಿವರಣೆ ಬಹಳ ಹಿಂದೆಯೇ ಬಂದಿದೆ, ಸ್ವಯಂಸೇವಕರ ಕಾಯಿದೆಗಳ ಅನುಮತಿಯೂ ಇದೆ. ಹಾಗಿದ್ದರೆ ತೊಡಕೆಲ್ಲಿ? ಸಂಬಳದಲ್ಲಲ್ಲ, ಹೊಣೆಯಲ್ಲಿ. ಗರಗಸ ಜಾರಿ ಕಾಲಿಗೆ ತಾಗಿದರೆ ಆ ಕ್ಷಣದಲ್ಲೇ ಸರ್ಕಾರದ ಮೇಲೆ ಪರಿಹಾರದ ಬಾಧ್ಯತೆ ಬೀಳುತ್ತದೆ. ಆ ಬಾಧ್ಯತೆ ಹೊರಲು, ಕೆಲಸದ ಮೇಲೆ ಕಣ್ಣಿಡಲು, ಅಪಘಾತವನ್ನು ದಾಖಲಿಸಲು ಇರಬೇಕಾದ ನೌಕರರು ಮನೆಯಲ್ಲಿದ್ದಾರೆ. ಆದ್ದರಿಂದ ಕೆಲಸವನ್ನೇ ನಿಲ್ಲಿಸಿ ಎನ್ನುತ್ತದೆ ಇಲಾಖೆ.

1980ಕ್ಕೆ ಮೊದಲು ಮಂಜೂರಾತಿ ತಡವಾದರೂ ಇಲಾಖೆಗಳು ಹೇಗೋ ಕೆಲಸ ಸಾಗಿಸುತ್ತಿದ್ದವು. ಆ ವರ್ಷ ಅಟಾರ್ನಿ ಜನರಲ್ ಬೆಂಜಮಿನ್ ಸಿವಿಲೆಟ್ಟಿ ಕಾಯಿದೆಯನ್ನು ಅಕ್ಷರಶಃ ಪಾಲಿಸಬೇಕೆಂದು ಅಭಿಪ್ರಾಯ ಕೊಟ್ಟ ಮೇಲೆಯೇ ಇಂದಿನ ರೀತಿಯ ಸ್ಥಗಿತಗಳು ಶುರುವಾದದ್ದು. ಹೀಗಾಗಿ ಏವರಿಯ ಕಾಲದ ಕ್ಲಬ್ಬಾಗಲಿ, 1968ರಲ್ಲಿ ಕಾಯಿದೆಗಾಗಿ ಓಡಾಡಿದವರಾಗಲಿ ಈ ತೊಡಕನ್ನು ಊಹಿಸಿರಲು ಸಾಧ್ಯವೇ ಇರಲಿಲ್ಲ.

ನೆಲದ ಒಡೆತನ ಬದಲಾದಂತೆ ನಿಯಮವೂ ಬದಲಾಗುವುದರಿಂದ ವಿಚಿತ್ರ ದೃಶ್ಯಗಳು ಹುಟ್ಟುತ್ತವೆ. ಪೊಟೋಮ್ಯಾಕ್ ಕ್ಲಬ್ಬಿನ ವ್ಯಾಪ್ತಿಯಲ್ಲಿ ಶೆನಾಂಡೋವಾ ಒಕ್ಕೂಟ ಸರ್ಕಾರದ್ದು. ಮೇರಿಲ್ಯಾಂಡಿನ ಸುಮಾರು 40 ಮೈಲಿಯ ಬಹುಭಾಗ ಸೌತ್ ಮೌಂಟನ್ ಎಂಬ ರಾಜ್ಯ ಉದ್ಯಾನದ್ದು. ಒಂದೇ ಕ್ಲಬ್ಬು, ಒಂದೇ ಬಿಳಿ ಪಟ್ಟಿ, ಆದರೆ ಖಜಾನೆಗೆ ಬೀಗ ಬಿದ್ದಾಗ ಒಂದು ಕಡೆಯ ಗುದ್ದಲಿ ನಿಲ್ಲಬೇಕು, ಇನ್ನೊಂದು ಕಡೆಯದ್ದು ನಡೆಯಬಹುದು.

ಯಾರ ವಾದವೇನು

ಸರ್ಕಾರದ ಗಾತ್ರ ಇಳಿಯಬೇಕೆನ್ನುವವರಿಗೆ ಈ ಪ್ರಸಂಗ ಒಳ್ಳೆಯ ಉದಾಹರಣೆ. ನಾಗರಿಕರು ಕಟ್ಟಿದ್ದನ್ನು ನಾಗರಿಕರಿಗೇ ಬಿಡಿ, ಇಲಾಖೆಯ ಒಪ್ಪಂದ, ತರಬೇತಿ, ಮಂಜೂರಾತಿಗಳ ಗೋಜು ಏಕೆ ಎಂಬುದು ಅವರ ವಾದ. 2025ರ ಫೆಬ್ರವರಿಯಲ್ಲಿ ಉದ್ಯಾನ ಸೇವೆಯಿಂದ ಸುಮಾರು 1,000 ಹೊಸ ನೌಕರರನ್ನೂ ಅರಣ್ಯ ಸೇವೆಯಿಂದ ಅದಕ್ಕೂ ಹೆಚ್ಚು ಮಂದಿಯನ್ನೂ ತೆಗೆದಾಗ ಕೇಳಿಬಂದ ಸಮರ್ಥನೆಗಳಲ್ಲೂ ಇದರ ಛಾಯೆಯಿತ್ತು: ನೌಕರರಿಲ್ಲದಿದ್ದರೆ ಸ್ವಯಂಸೇವಕರಿದ್ದಾರಲ್ಲ.

ಈ ಲೆಕ್ಕ ತಪ್ಪುವುದು ಒಂದು ಸರಳ ಸಂಗತಿಯಿಂದ. ಮೋಟಾರು ಗರಗಸ ಬಳಸಲು ಪ್ರಮಾಣಪತ್ರ ಬೇಕು, ಅದನ್ನು ಮಾನ್ಯ ಮಾಡುವುದು ಇಲಾಖೆ. ಶೆನಾಂಡೋವಾದ ದೊಡ್ಡ ಭಾಗವನ್ನು 1976ರಲ್ಲಿ ಅಸ್ಪೃಷ್ಟ ಅರಣ್ಯವೆಂದು ಘೋಷಿಸಿರುವುದರಿಂದ ಅಲ್ಲಿ ಯಂತ್ರವೇ ಸಲ್ಲದು, ಇಬ್ಬರು ಎಳೆಯುವ ಕೈಗರಗಸವೇ ಗತಿ. ಅದಕ್ಕೂ ತರಬೇತಿ ಬೇಕು. ದಾರಿಯನ್ನು ನೂರು ಅಡಿ ಪಕ್ಕಕ್ಕೆ ಸರಿಸಬೇಕಾದರೆ ಪರಿಸರ ಮತ್ತು ಪುರಾತತ್ತ್ವದ ಪರಿಶೀಲನೆ ಆಗಬೇಕು. ಇವನ್ನೆಲ್ಲ ಮಾಡುವ ನೌಕರ ಹೋದರೆ ಸ್ವಯಂಸೇವಕನ ಕೆಲಸ ಹೆಚ್ಚುವುದಿಲ್ಲ, ನಿಲ್ಲುತ್ತದೆ. ಅರಣ್ಯ ಇಲಾಖೆಯ ಜಾಗದಲ್ಲಿ ಶ್ರಮದಾನಕ್ಕೆ ಹೊರಟು ಅನುಮತಿ ಪತ್ರಕ್ಕಾಗಿ ಕಾದ ನಮ್ಮ ಕಡೆಯ ಸಂಘಗಳವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಇಲಾಖೆಗಳ ಪರವಾದ ವಾದ ಇದಕ್ಕೆ ಎದುರಾದದ್ದು. ನೆಲ ಸಾರ್ವಜನಿಕರದ್ದು, ಹೊಣೆಯೂ ಸಾರ್ವಜನಿಕವಾಗಿಯೇ ಇರಬೇಕು. ಸ್ಥಗಿತದ ಕಾಲದಲ್ಲಿ ಬಿಗಿಯಾಗಿರುವುದರಿಂದಲೇ ಉಳಿದ ಕಾಲದಲ್ಲಿ ಸ್ವಯಂಸೇವಕರಿಗೆ ರಕ್ಷಣೆ ಕೊಡಲು ಸಾಧ್ಯ. ಕ್ಲಬ್ಬುಗಳಲ್ಲಿ ಬಹಳಷ್ಟು ಮಂದಿ ಇವೆರಡರ ನಡುವೆ ಇದ್ದಾರೆ. ಅವರಿಗೆ ನೆಲವನ್ನು ವಾಪಸು ಪಡೆಯುವ ಆಸೆಯಿಲ್ಲ. ಬಾಯಿಮಾತಿನ ಕಾಲ ಎಂಥದ್ದಿತ್ತೆಂದು ಗೊತ್ತು. ಸ್ಥಗಿತದ ಸಮಯದಲ್ಲೂ ಬಿದ್ದ ಮರ ತೆಗೆಯುವಂಥ ಸೀಮಿತ ಕೆಲಸಕ್ಕೆ ಅವಕಾಶವಿರಲಿ, ಆ ಅವಧಿಯ ವಿಮೆಯ ಹೊಣೆಗೆ ಬೇರೆ ದಾರಿ ಹುಡುಕಬಹುದು ಎಂಬ ಯೋಚನೆ ಈ ಬಗೆಯದ್ದು. ತುರ್ತು ಸಂದರ್ಭದ ವಿನಾಯಿತಿಯನ್ನು ಎಷ್ಟು ಹಿಗ್ಗಿಸಬಹುದು ಎಂಬುದರ ಮೇಲೆ ಇದರ ಭವಿಷ್ಯ ನಿಂತಿದೆ. ಮೂರರಲ್ಲಿ ಇದೇ ಹೆಚ್ಚು ಕಾರ್ಯಸಾಧ್ಯವಾಗಿ ತೋರುತ್ತದೆ, ಏಕೆಂದರೆ ಇದಕ್ಕೆ 1968ರ ವ್ಯವಸ್ಥೆಯನ್ನು ಕೆಡವಬೇಕಾಗಿಲ್ಲ.

ಬೆಟ್ಟದ ಮೇಲೆ ಆಗುವುದೇನು

ಆರು ವಾರ ಕೆಲಸ ನಿಂತರೆ ದಾರಿಗೇನಾಗುತ್ತದೆ? ಅದು ಯಾವ ಆರು ವಾರ ಎಂಬುದರ ಮೇಲೆ ಅವಲಂಬಿಸಿದೆ. ಇಳಿಜಾರಿನ ದಾರಿಯಲ್ಲಿ ನೀರು ಹರಿದು ಮಣ್ಣು ಕೊಚ್ಚದಂತೆ ಅಲ್ಲಲ್ಲಿ ಕಲ್ಲು ಅಥವಾ ದಿಮ್ಮಿಯನ್ನು ಓರೆಯಾಗಿ ಹೂತು ನೀರನ್ನು ಪಕ್ಕಕ್ಕೆ ತಿರುಗಿಸಿರುತ್ತಾರೆ. ಅಕ್ಟೋಬರ್ ಮತ್ತು ನವೆಂಬರಿನಲ್ಲಿ ಉದುರುವ ಎಲೆಗಳು ಈ ತಿರುವುಗಳನ್ನು ಕಟ್ಟಿಹಾಕುತ್ತವೆ. ನೆಲ ಹೆಪ್ಪುಗಟ್ಟುವ ಮೊದಲು ಅವನ್ನು ಬಿಡಿಸುವುದು ಕ್ಲಬ್ಬುಗಳ ಶರತ್ಕಾಲದ ಮುಖ್ಯ ಕೆಲಸ. ಬಿಡಿಸದಿದ್ದರೆ ಚಳಿಗಾಲದ ಮಳೆಯೂ ಕರಗಿದ ಹಿಮವೂ ದಾರಿಯನ್ನೇ ತೋಡು ಮಾಡಿಕೊಳ್ಳುತ್ತವೆ. ತೋಡಿನಲ್ಲಿ ಕಾಲಿಡಲು ಇಷ್ಟಪಡದ ಚಾರಣಿಗರು ಅಂಚಿನಲ್ಲಿ ನಡೆಯುತ್ತಾರೆ, ಅಂಚಿನ ಗಿಡ ಸಾಯುತ್ತದೆ, ದಾರಿ ಅಗಲವಾಗುತ್ತದೆ. ಒಂದು ದಿನದ ಗುದ್ದಲಿ ಕೆಲಸ ಮುಂದಿನ ಬೇಸಿಗೆಯಲ್ಲಿ ಕಲ್ಲು ಹೊತ್ತು ಮೆಟ್ಟಿಲು ಕಟ್ಟುವ ಕೆಲಸವಾಗಿ ಬೆಳೆಯುತ್ತದೆ.

ದಕ್ಷಿಣದ ಭಾಗದಲ್ಲಿ ಇದಕ್ಕೆ ಮೊದಲೇ ದೊಡ್ಡ ಹೊರೆಯಿತ್ತು. 2024ರ ಸೆಪ್ಟೆಂಬರಿನ ಹೆಲೀನ್ ಚಂಡಮಾರುತ ಉತ್ತರ ಕ್ಯಾರೊಲಿನಾ, ಟೆನೆಸಿ, ವರ್ಜೀನಿಯಾಗಳಲ್ಲಿ ದಾರಿಯ ಮೇಲೆ ಲೆಕ್ಕವಿಲ್ಲದಷ್ಟು ಮರಗಳನ್ನು ಉರುಳಿಸಿತು. ಟೆನೆಸಿಯ ಅರ್ವಿನ್ ಪಟ್ಟಣದ ಬಳಿ ನೋಲಿಚಕಿ ನದಿಯನ್ನು ದಾಟಲು ಚಾರಣಿಗರು ಬಳಸುತ್ತಿದ್ದ ಚೆಸ್ಟೋವಾ ಸೇತುವೆ ಕೊಚ್ಚಿಹೋಯಿತು. ಮರಗಳನ್ನು ಕ್ಲಬ್ಬುಗಳೂ ಅರಣ್ಯ ಸೇವೆಯೂ ಸೇರಿ ತಿಂಗಳುಗಟ್ಟಲೆ ದುಡಿದು ಬಹುಮಟ್ಟಿಗೆ ತೆರವು ಮಾಡಿದವು. ಸೇತುವೆಯ ವಿಷಯ ಹಾಗಲ್ಲ: ಅದಕ್ಕೆ ಎಂಜಿನಿಯರು ಬೇಕು, ಟೆಂಡರು ಬೇಕು, ಮಂಜೂರಾದ ಹಣ ಬೇಕು. ಆ ನದಿಯ ದಡದಲ್ಲಿ ನಿಂತ ಚಾರಣಿಗರನ್ನು ಸೇತುವೆ ಹೋದ ಮೇಲೆ ಆಚೆ ದಡ ಸೇರಿಸಿದ್ದು ದೋಣಿ.